ತೂಕದ ಕಲ್ಲಿಗೆ ಮಾಂಸಖಂಡ ಬಂದದ್ದು

ಊರಾಚೆಯ ವೇಬ್ರಿಜ್ಜಿನಲ್ಲಿ ದಿನಾ ಬೆಳಗ್ಗೆ ಮೊಟ್ಟಮೊದಲು ತೂಗಿಸಿಕೊಳ್ಳುತ್ತಿದ್ದುದು ಯಾವ ಲಾರಿಯೂ ಅಲ್ಲ. ಲಾರಿ ತೂಗುವ ಮನುಷ್ಯ. ಇದಕ್ಕೆ ಅವನ ಸೋಮಾರಿತನವೇ ಕಾರಣ ಎಂದು ನಾಲ್ಕು ಜನ ಹೇಳಬಹುದು. ನಾನು ಹೇಳುವುದಿಲ್ಲ. ಒಂಬತ್ತು ವರ್ಷ ಒಂದು ದಿನವೂ ತಪ್ಪದೆ ನಡೆದದ್ದನ್ನು ಸೋಮಾರಿತನ ಎಂದರೆ ಸೋಮಾರಿಗಳು ಬೇಜಾರು ಮಾಡಿಕೊಳ್ಳುತ್ತಾರೆ.

ವೇಬ್ರಿಜ್ ಎಂದರೆ ಒಂದು ಲಾರಿ ಪೂರ್ತಿ ನಿಲ್ಲುವಷ್ಟು ದೊಡ್ಡ, ನೆಲಕ್ಕೆ ಸಮನಾಗಿ ಹಾಸಿದ ಕಬ್ಬಿಣದ ತಕ್ಕಡಿ. ಪಕ್ಕದಲ್ಲಿ ಗಾಜಿನ ಕಿಟಕಿಯ ಒಂದು ಕೋಣೆ. ಕೋಣೆಯೊಳಗೆ ಮೆಷಿನ್ನು, ಮೇಜು, ರಿಜಿಸ್ಟರು, ಅವುಗಳ ಹಿಂದೆ ಇವನು. ಕೋಣೆಯ ನೆತ್ತಿಯ ಮೇಲೆ ಡ್ರೈವರುಗಳಿಗೆ ಕಾಣಲಿ ಎಂದು ಕೆಂಪು ಅಂಕಿಗಳ ಬೋರ್ಡು. ನಿಯಮ ಹೀಗಿತ್ತು: ಬೆಳಗ್ಗೆ ಮೊದಲ ಲಾರಿ ಹತ್ತುವ ಮುಂಚೆ ಇಪ್ಪತ್ತಿಪ್ಪತ್ತು ಕೆಜಿಯ ನಾಲ್ಕು ಕಬ್ಬಿಣದ ತೂಕದ ಕಲ್ಲುಗಳನ್ನು ಹೊತ್ತು ತಂದು ಬ್ರಿಜ್ಜಿನ ಮೇಲಿಡಬೇಕು. ಬೋರ್ಡಿನಲ್ಲಿ ಎಂಬತ್ತು ಬಂದರೆ ‘ಸರಿಯಿದೆ’ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಬೇರೆ ಏನೇ ಬಂದರೂ ಬ್ರಿಜ್ ನಿಲ್ಲಿಸಿ ತೂಕ-ಅಳತೆ ಇಲಾಖೆಗೆ ಫೋನು ಮಾಡಬೇಕು.

ಕೆಲಸಕ್ಕೆ ಸೇರಿದ ಮೊದಲ ವಾರ ಅವನು ಇದನ್ನು ಚಾಚೂ ತಪ್ಪದೆ ಮಾಡಿದ. ಎಂಟನೆಯ ದಿನ, ಕಲ್ಲು ತರಬೇಕಲ್ಲ ಎಂದು ಯೋಚಿಸುತ್ತಾ ಬ್ರಿಜ್ಜಿನ ಮೇಲೆ ಸುಮ್ಮನೆ ನಿಂತ. ತಲೆಯೆತ್ತಿ ನೋಡಿದರೆ ಬೋರ್ಡಿನಲ್ಲಿ ಎಂಬತ್ತು. ಕಲ್ಲು ನಾಲ್ಕಾದರೂ ಎಂಬತ್ತು, ತಾನೊಬ್ಬನಾದರೂ ಎಂಬತ್ತು. ಇಂಥ ಹೊಂದಾಣಿಕೆ ಸುಮ್ಮಸುಮ್ಮನೆ ಆಗುವುದಿಲ್ಲ ಎಂದುಕೊಂಡು, ತನ್ನನ್ನು ತಾನೇ ತೂಕದ ಕಲ್ಲಾಗಿ ನೇಮಿಸಿಕೊಂಡ. ನಿಜವಾದ ಕಲ್ಲುಗಳಲ್ಲಿ ಒಂದು ಕೋಣೆಯ ಬಾಗಿಲಿಗೆ ಒತ್ತಾಯಿತು. ಎರಡು ಪಕ್ಕದ ಪಂಕ್ಚರ್ ಅಂಗಡಿಯ ಬೆಂಚಿಗೆ ಕಾಲಾದವು. ನಾಲ್ಕನೆಯದು ಅವನ ಮನೆಗೆ ಹೋಯಿತು. ಹೆಂಡತಿಯದು ಹೊಲಿಗೆ ಕೆಲಸ. ಅವಳ ಮೆಷಿನ್ನು ಜೋರಾಗಿ ತುಳಿದರೆ ಅಲುಗಾಡುತ್ತಿತ್ತು.

ಅಂದಿನಿಂದ ದಿನಾ ಬೆಳಗ್ಗೆ ಅವನು ಬ್ರಿಜ್ಜಿನ ನಡುವೆ ಎರಡು ಕೈ ಕಟ್ಟಿ ನಿಲ್ಲುವುದು, ಬೋರ್ಡಿನಲ್ಲಿ ಎಂಬತ್ತು ಬರುವುದು, ಕಾದು ನಿಂತ ಡ್ರೈವರುಗಳು ನೋಡುವುದು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಎಂಬತ್ತಣ್ಣ ಆದ. ಅವನ ನಿಜವಾದ ಹೆಸರು ಸಂಬಳದ ಹಾಳೆಯಲ್ಲಿತ್ತು. ಬೇರೆಲ್ಲೂ ಅದರ ಅಗತ್ಯ ಬೀಳಲಿಲ್ಲ.

ಇಲ್ಲಿ ಆ ಮೆಷಿನ್ನಿನ ಸ್ವಭಾವ ಹೇಳಿಬಿಡಬೇಕು. ಅದು ಲಾರಿಗಳ ಮೆಷಿನ್ನು. ಹತ್ತರ ಲೆಕ್ಕ ಬಿಟ್ಟು ಬೇರೆ ಲೆಕ್ಕ ಅದಕ್ಕೆ ಗೊತ್ತಿಲ್ಲ. ಎಪ್ಪತ್ತೈದು ಕೆಜಿಯಿಂದ ಎಂಬತ್ತೈದರ ಅಂಚಿನವರೆಗೆ ಏನು ಇಟ್ಟರೂ ಎಂಬತ್ತು ಅನ್ನುತ್ತದೆ. ಎಂಬತ್ತೈದು ತುಂಬಿತೋ, ಒಂದೇ ನೆಗೆತಕ್ಕೆ ತೊಂಬತ್ತು. ನೀರಿನ ಕ್ಯಾನು ಇಳಿಸಿ ತೂಗಿಸುತ್ತೇನೆ ಎಂದು ಹಟ ಹಿಡಿದ ಎಷ್ಟೋ ಡ್ರೈವರುಗಳಿಗೆ ಎಂಬತ್ತಣ್ಣನೇ ಬುದ್ಧಿ ಹೇಳಿದ್ದ, ಇದು ಹತ್ತರ ಮೆಷಿನ್ನಪ್ಪಾ, ನಿನ್ನ ಕ್ಯಾನು ಇದರ ಕಣ್ಣಿಗೇ ಬೀಳಲ್ಲ ಎಂದು. ಲಾರಿಗೆ ಅನ್ವಯಿಸುವ ಮಾತು ತನಗೂ ಅನ್ವಯಿಸುತ್ತದೆ ಎಂಬ ಯೋಚನೆ ಮಾತ್ರ ಅವನ ತಲೆಯ ಹತ್ತಿರ ಸುಳಿದಿರಲಿಲ್ಲ. ಸೇರುವಾಗ ಎಪ್ಪತ್ತಾರು ಇದ್ದವನು ಒಂಬತ್ತು ವರ್ಷದಲ್ಲಿ ಎಂಬತ್ತನಾಲ್ಕೂ ಮುಕ್ಕಾಲಿಗೆ ಬಂದಿದ್ದ. ಮೆಷಿನ್ನು ಚಕಾರ ಎತ್ತಿರಲಿಲ್ಲ. ಹೆಂಡತಿ ನಾಲ್ಕು ಸಲ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡಿದ್ದಳು. ಈಗಿನ ಬಟ್ಟೆ ಒಗೆದರೆ ಕುಗ್ಗುತ್ತದೆ ಎಂದು ಅವನು ಗಿರಣಿಯವರನ್ನು ಬೈದಿದ್ದ.

ಹೀಗೆ ಸುಖವಾಗಿದ್ದವನ ಬಾಳಿಗೆ ಕಲ್ಲು ಹಾಕಿದ್ದು ಷಡ್ಡಕ.

ಹೆಂಡತಿಯ ತಂಗಿಯ ಗಂಡ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಸಂಜೆ ಹೊತ್ತು ಒಂದು ಹಳೆಯ ಗೋದಾಮಿನಲ್ಲಿ ದೊಡ್ಡವರಿಗೂ ವ್ಯಾಯಾಮ ಹೇಳಿಕೊಡುತ್ತಿದ್ದ. ಮಾತಾಡುವಾಗಲೂ ಸೀಟಿ ಕೊರಳಲ್ಲೇ ಇರುತ್ತಿತ್ತು. ಒಂದು ಭಾನುವಾರ ಅತ್ತೆಮನೆಯಲ್ಲಿ ಎಲ್ಲರೂ ಊಟ ಮುಗಿಸಿ ಕೂತಿದ್ದಾಗ ಅವನು ಎಂಬತ್ತಣ್ಣನ ಹೊಟ್ಟೆಯನ್ನು ಎರಡು ಬೆರಳಲ್ಲಿ ತಟ್ಟಿ, “ಅಣ್ಣಾ, ನಮ್ಮ ಸ್ಕೂಲಿಂದು ಒಂದು ಫುಟ್‌ಬಾಲ್ ಕಳೆದುಹೋಗಿದೆ. ಸುಮ್ನೆ ಕೇಳ್ದೆ ಅಷ್ಟೆ” ಅಂದ.

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಮಾವ ಪೇಪರು ಎತ್ತಿ ಮುಖಕ್ಕೆ ಹಿಡಿದರು, ಪೇಪರು ಅಲುಗಾಡುತ್ತಿತ್ತು. ನಾದಿನಿ ಮಾತ್ರ ಬಾಯಿಬಿಟ್ಟೇ ನಕ್ಕಳು.

ಆಮೇಲೆ ಡ್ರಿಲ್ ಮೇಷ್ಟ್ರು ಪಾಠ ಶುರುಮಾಡಿದ. ಮನುಷ್ಯನ ಮೈತೂಕದಲ್ಲಿ ದೊಡ್ಡ ಪಾಲು ಮಾಂಸಖಂಡದ್ದಂತೆ. ಗಟ್ಟಿಮುಟ್ಟಾದ ಗಂಡಸಿನಲ್ಲಿ ನೂರಕ್ಕೆ ನಲವತ್ತರ ತನಕ ಇರುತ್ತದಂತೆ. ಒಂದೇ ಅಳತೆಯ ತುಂಡು ತೆಗೆದು ತೂಗಿದರೆ ಕೊಬ್ಬಿಗಿಂತ ಮಾಂಸಖಂಡವೇ ಭಾರವಂತೆ. ವ್ಯಾಯಾಮ ಮಾಡುವಾಗ ಅದು ಬೆಳೆಯುವುದಿಲ್ಲವಂತೆ, ಮಾಡಿ ಮಲಗಿದಾಗ ಬೆಳೆಯುತ್ತದಂತೆ. ಈ ಕೊನೆಯ ಮಾತು ಎಂಬತ್ತಣ್ಣನಿಗೆ ಬಹಳ ಹಿಡಿಸಿತು. ಮಲಗಿ ಮಾಡುವ ಭಾಗದಲ್ಲಿ ತಾನು ಯಾರಿಗೂ ಕಡಿಮೆಯಿಲ್ಲ ಎಂಬ ಭರವಸೆ ಅವನಿಗಿತ್ತು. ಎದ್ದು ನಿಂತು ಅತ್ತೆಮನೆಯ ನಡುಮನೆಯಲ್ಲೇ ಇಪ್ಪತ್ತೇಳು ಬಸ್ಕಿ ಹೊಡೆದ. ಇಪ್ಪತ್ತೆಂಟನೆಯದಕ್ಕೆ ಕೂತವನು ಏಳಲಿಲ್ಲ. ಮಾವ ಮತ್ತು ಷಡ್ಡಕ ಆಚೀಚೆ ರಟ್ಟೆ ಹಿಡಿದು ಎಬ್ಬಿಸಿದರು. ಮನೆಗೆ ಬಂದು ಎರಡು ಸಲ ಊಟ ಮಾಡಿ ಮಲಗಿದ.

ಸೋಮವಾರ ಬೆಳಗ್ಗೆ ಬ್ರಿಜ್ಜಿನ ಮೇಲೆ ನಿಂತು ತಲೆಯೆತ್ತಿದರೆ ಬೋರ್ಡಿನಲ್ಲಿ ತೊಂಬತ್ತು.

ಇಳಿದು ಮತ್ತೆ ಹತ್ತಿದ. ತೊಂಬತ್ತು. ಉಸಿರು ಬಿಗಿಹಿಡಿದು ನಿಂತ. ತೊಂಬತ್ತು. ಪರಿಸ್ಥಿತಿಯ ಗಾಂಭೀರ್ಯ ಓದುಗರು ಮನಸ್ಸಿಗೆ ತಂದುಕೊಳ್ಳಬೇಕು. ಮೆಷಿನ್ನು ಕೆಟ್ಟಿದೆ ಎಂದರೆ ಇಲಾಖೆಗೆ ಫೋನು ಮಾಡಬೇಕು. ಇಲಾಖೆಯವರು ಬಂದರೆ, ಯಾವ ಕಲ್ಲಿಟ್ಟು ಪರೀಕ್ಷೆ ಮಾಡಿದಿರಿ ಎಂದು ಕೇಳುತ್ತಾರೆ. ಒಂಬತ್ತು ವರ್ಷ ನಾನೇ ಕಲ್ಲು ಎಂದು ಹೇಳಿದ ಮಧ್ಯಾಹ್ನವೇ ಕೆಲಸ ಹೋಗುತ್ತದೆ. ಈ ವಯಸ್ಸಿನಲ್ಲಿ, ಲಾರಿ ತೂಗುವುದು ಬಿಟ್ಟು ಬೇರೆ ಏನೂ ಬಾರದವನನ್ನು ಯಾರು ಕರೆದು ಕೂರಿಸುತ್ತಾರೆ? ಮೆಷಿನ್ನು ಸರಿಯಿದೆ ಎಂದರೆ ತಾನು ಒಂದು ರಾತ್ರಿಯಲ್ಲಿ ಹತ್ತು ಕೆಜಿ ಬೆಳೆದಿರಬೇಕು. ಅವನು ಎರಡನ್ನೂ ಅಳೆದು ನೋಡಿದ. ಬೆಳೆಯುವುದೇ ವಾಸಿ ಅನ್ನಿಸಿತು.

ಅಷ್ಟರಲ್ಲಿ ಗುಜರಿ ಲಾರಿಯ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಎಂಬತ್ತಣ್ಣ, ಏನಿವತ್ತು ತೊಂಬತ್ತು? ಮೆಷಿನ್ ಕೆಡ್ತಾ?”

“ಮೆಷಿನ್ನಿಗೇನಾಗಿಲ್ಲ. ನಾನು ನಿನ್ನೆಯಿಂದ ವ್ಯಾಯಾಮ ಶುರು ಮಾಡಿದ್ದೀನಿ.”

“ನಿನ್ನೆಯಿಂದ?”

“ಮಾಂಸಖಂಡ ಮಲಗಿದಾಗ ಬೆಳೆಯುತ್ತೆ. ಕೊಬ್ಬಿಗಿಂತ ಭಾರ. ನಿಂಗೆ ಗೊತ್ತಿರಲ್ಲ ಬಿಡು.”

ಡ್ರೈವರು ಅವನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಒಮ್ಮೆ ನೋಡಿ, ಲಾರಿ ಹತ್ತಿಸಿದ. ಎಂಬತ್ತಣ್ಣ ರಿಜಿಸ್ಟರು ತೆಗೆದ. ಮೂರು ಸಾವಿರಕ್ಕೂ ಮೀರಿದ ಎಂಬತ್ತುಗಳ ಕೆಳಗೆ ತೊಂಬತ್ತು ಎಂದು ಬರೆದು, ಪಕ್ಕದಲ್ಲಿ ‘ಸರಿಯಿದೆ’ ಎಂದು ಸಹಿ ಹಾಕಿದ. ಪ್ರಾಮಾಣಿಕತೆ ಮನುಷ್ಯನನ್ನು ಹೇಗೆ ಹಾಳುಮಾಡುತ್ತದೆ ನೋಡಿ. ಎಂಬತ್ತು ಎಂದೇ ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಂಜೆ ಮನೆಗೆ ಬಂದವನು ಅಂಗಿ ಬಿಚ್ಚಿ ಕನ್ನಡಿಯ ಮುಂದೆ ನಿಂತ. ಹೆಂಡತಿ ಕುತ್ತಿಗೆಯಲ್ಲಿದ್ದ ಟೇಪು ತೆಗೆದಳು. ಹತ್ತು ಕೆಜಿ ಬಂದಿದ್ದರೆ ಎಲ್ಲಾದರೂ ಇರಲೇಬೇಕಲ್ಲ ಎಂಬುದು ಅವಳ ವಾದ. ತೋಳು ಅಳೆದಳು, ಹೋದ ವರ್ಷದ್ದೇ. ಎದೆ ಅಳೆದಳು, ಮದುವೆಯ ವರ್ಷದ್ದೇ. ತೊಡೆಯೂ ಅಷ್ಟೆ. ಕೊನೆಗೆ ಸೊಂಟಕ್ಕೆ ಟೇಪು ಸುತ್ತಿ ಅಂಕಿಯನ್ನು ಎರಡು ಸಲ ನೋಡಿದಳು.

“ಇಲ್ಲಿ ಅರ್ಧ ಇಂಚು ಬಂದಿದೆ ರೀ.”

“ನೋಡಿದ್ಯಾ.”

“ಅರ್ಧ ಇಂಚಲ್ಲಿ ಹತ್ತು ಕೆಜಿ ಹೇಗೆ ಕೂತ್ಕೊಳ್ಳುತ್ತೆ?”

“ಒತ್ತಾಗಿ ಕೂತಿದೆ. ಮಾಂಸಖಂಡ ಅಂದ್ರೆ ಅದೇ. ನಿಂದು ಬಟ್ಟೆ ಅಳೆಯೋ ಟೇಪು, ಅದಕ್ಕೆ ಹೊರಗಡೇದು ಮಾತ್ರ ಗೊತ್ತು.”

ಅವಳು ಟೇಪನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡು, ಆಗಲಿ, ಹಾಗಾದರೆ ಐದನೇ ಸಲ ಪ್ಯಾಂಟು ಬಿಚ್ಚಬೇಕಾದ್ದು ಮಾಂಸಖಂಡಕ್ಕೆ ಎಂದಾಯಿತು ಎಂದು ಹೇಳಿ ಒಳಗೆ ಹೋದಳು.

ಡ್ರಿಲ್ ಮೇಷ್ಟ್ರಿಗೆ ಸುದ್ದಿ ಮುಟ್ಟಿತು. ಅವನು ಓದಿದವನು. ಒಂದು ರಾತ್ರಿಯಲ್ಲಿ ಹತ್ತು ಕೆಜಿ ಆಗದು ಎಂದು ಅವನಿಗೆ ಗೊತ್ತಿತ್ತು. ಆದರೆ ಅವನ ಗೋದಾಮಿಗೆ ಬರುತ್ತಿದ್ದವರು ಒಟ್ಟು ನಾಲ್ಕೇ ಜನ, ಅವರಲ್ಲಿ ಒಬ್ಬರು ತೂಕಡಿಸಲು ಬರುತ್ತಿದ್ದರು. ಅವನು ಆಗದು ಎಂದೂ ಹೇಳಲಿಲ್ಲ, ಆಗುತ್ತದೆ ಎಂದೂ ಹೇಳಲಿಲ್ಲ. ‘ನಮ್ಮಲ್ಲಿ ಒಂದೇ ದಿನ ಅಭ್ಯಾಸ ಮಾಡಿದವರನ್ನು ವೇಬ್ರಿಜ್ಜಿನಲ್ಲಿ ವಿಚಾರಿಸಿ’ ಎಂದು ಬಾಗಿಲಲ್ಲಿ ಬೋರ್ಡು ಬರೆಸಿದ. ಇದರಲ್ಲಿ ಸುಳ್ಳು ಯಾವುದು ಎಂದು ನೀವೇ ಹೇಳಿ.

ವಿಚಾರಿಸುವವರು ಬರತೊಡಗಿದರು. ಎಂಬತ್ತಣ್ಣನಿಗೂ ಈಗ ಮಾತು ಸುಲಲಿತವಾಗಿತ್ತು. ಯಾರು ಎದುರಾದರೂ ರಟ್ಟೆ ಒತ್ತಿ ನೋಡಿ, ನಿಮ್ಮದು ಇಪ್ಪತ್ತೆಂಟು ಪರ್ಸೆಂಟು, ನಿಮ್ಮದು ಮೂವತ್ತು ಎಂದು ಹೇಳುತ್ತಿದ್ದ. ಅಂಚೆ ಕಚೇರಿಯ ಕಿಟಕಿಯಲ್ಲಿ ಕೈಚಾಚಿ ಅಲ್ಲಿನ ಹಿರಿಯ ಗುಮಾಸ್ತರಿಗೆ ಇಪ್ಪತ್ತೆರಡು ಕೊಟ್ಟು ಬಂದ. ಆ ಮನುಷ್ಯ ಎರಡು ದಿನ ರಜೆ ಹಾಕಿದರಂತೆ. ತನ್ನದನ್ನು ಮಾತ್ರ ಲೆಕ್ಕ ಹಾಕಿಟ್ಟುಕೊಂಡಿದ್ದ. ಮೊದಲೇ ಇದ್ದ ಮೂವತ್ತಕ್ಕೆ ಹೊಸ ಹತ್ತು ಸೇರಿಸಿ ನಲವತ್ತು ಕೆಜಿ. ತೊಂಬತ್ತರಲ್ಲಿ ನಲವತ್ತು ಅಂದರೆ ನೂರಕ್ಕೆ ನಲವತ್ತನಾಲ್ಕೂ ಚಿಲ್ಲರೆ. ಗಟ್ಟಿಮುಟ್ಟಾದ ಗಂಡಸಿಗಿಂತ ನಾಲ್ಕು ಹೆಚ್ಚು.

ಇಷ್ಟೊಂದು ಮಾಂಸಖಂಡ ಬೀದಿಯಲ್ಲಿ ಇರುವಾಗ ಅದನ್ನು ಬಳಸದೆ ಬಿಡುವಷ್ಟು ದಡ್ಡರು ಯಾವ ನೆರೆಹೊರೆಯಲ್ಲೂ ಇರುವುದಿಲ್ಲ. ಮೇಲ್ಮನೆಯ ರಿಟೈರ್ಡ್ ಹೆಡ್ ಕ್ಲರ್ಕ್ ಹನ್ನೊಂದು ವರ್ಷದಿಂದ ತಮ್ಮ ಕಬ್ಬಿಣದ ಬೀರುವನ್ನು ಕಿಟಕಿಯ ಹತ್ತಿರದಿಂದ ಆಚೆ ಗೋಡೆಗೆ ಸರಿಸಬೇಕು ಅಂದುಕೊಂಡಿದ್ದರು. ಅವರು ಎಂಬತ್ತಣ್ಣನ ಮನೆ ಬಾಗಿಲಿಗೆ ಬಂದು, ನಾಲ್ಕು ಜನ ಕೂಲಿಗಳನ್ನು ಕರೆಯೋಣ ಅಂತಿದ್ದೆ, ನಿಮ್ಮ ವಿಷಯ ಕೇಳಿದ ಮೇಲೆ ಬೇಡ ಅನ್ನಿಸಿತು ಎಂದರು. ಮೆಟ್ಟಿಲ ಮೇಲೆ ಆಗಲೇ ಎಂಟು ಹತ್ತು ಜನ ನೋಡಲು ಕೂತಿದ್ದರು. ಹಿಂದೆ ಸರಿಯುವ ದಾರಿ ಇರಲಿಲ್ಲ.

ಎಂಬತ್ತಣ್ಣ ಬೀರುವನ್ನು ಅಪ್ಪಿಕೊಂಡ. ಎಷ್ಟು ಹೊತ್ತಾದರೂ ಅಪ್ಪಿಕೊಂಡೇ ಇದ್ದ. ಬೀರು ಕದಲಲಿಲ್ಲ, ಅವನ ಬೆನ್ನಿನಲ್ಲಿ ಏನೋ ಚಳಕ್ ಎಂದಿತು. ಹಾಗೇ ನಿಂತು, ಬೀರುವಿನ ತೂಕ ಅಂದಾಜು ಮಾಡುತ್ತಿದ್ದೇನೆ, ಈ ನೆಲ ತಡೆಯುವುದಿಲ್ಲ, ಸರಿಸಿದರೆ ಕೆಳಮನೆಗೆ ಹೋಗಿ ಬೀಳುತ್ತದೆ ಎಂದ. ಕೆಳಮನೆ ಎಂದರೆ ಅವನದೇ. ಹೆಡ್ ಕ್ಲರ್ಕ್ ಅವನ ದೂರದೃಷ್ಟಿಯನ್ನು ಮೆಚ್ಚಿದರು. ಮುಂದಿನ ನಾಲ್ಕು ದಿನ ಅವನ ಮೈಯಿಂದ ನೋವಿನ ಮುಲಾಮಿನ ವಾಸನೆ ಬರುತ್ತಿತ್ತು. ಮಾಂಸಖಂಡ ಹೊಸದಾಗಿ ಬಂದಾಗ ಹಾಗೇ, ಎಣ್ಣೆ ಹಚ್ಚಿ ಪಳಗಿಸಬೇಕು ಎಂದು ಕೇಳಿದವರಿಗೆಲ್ಲ ಹೇಳಿದ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಗುಜರಿ ಲಾರಿಯ ಡ್ರೈವರನ್ನು ಹೆದ್ದಾರಿಯಲ್ಲಿ ತಪಾಸಣೆಯವರು ತಡೆದು, ಲೋಡು ಮಿತಿಗಿಂತ ಜಾಸ್ತಿ ಇದೆ ಎಂದು ಅರ್ಧ ದಿನ ಬಿಸಿಲಲ್ಲಿ ನಿಲ್ಲಿಸಿದರು. ಅವನು ನಮ್ಮ ಬ್ರಿಜ್ಜಿನ ಚೀಟಿ ತೋರಿಸಿದ. ಅಲ್ಲಿನ ಮೆಷಿನ್ನಿಗೂ ಇಲ್ಲಿನ ಚೀಟಿಗೂ ತಾಳೆಯಾಗಲಿಲ್ಲ. ದಾರಿಯಲ್ಲಿ ಹತ್ತಿಸಿಕೊಂಡಿದ್ದ ಇಬ್ಬರು ನೆಂಟರನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ಬಿಸಿಲಲ್ಲಿ ನಿಂತವನಿಗೆ ಬೋರ್ಡಿನ ತೊಂಬತ್ತು ನೆನಪಾಯಿತು. ತೂಕ-ಅಳತೆ ಇಲಾಖೆಗೆ ಒಂದು ಅರ್ಜಿ ಬರೆದ. ಸದರಿ ಮೆಷಿನ್ನಿನಲ್ಲಿ ಒಬ್ಬ ನೌಕರ ರಾತ್ರಿ ಬೆಳಗಾಗುವುದರಲ್ಲಿ ಹತ್ತು ಕೆಜಿ ಜಾಸ್ತಿ ತೂಗಿರುತ್ತಾನೆ, ನೌಕರನನ್ನು ನೋಡಿದರೆ ಹಾಗೆ ಕಾಣುವುದಿಲ್ಲ, ಆದ್ದರಿಂದ ಮೆಷಿನ್ನು ಪರೀಕ್ಷಿಸಬೇಕು ಎಂದು. ಇಪ್ಪತ್ತು ಡ್ರೈವರುಗಳು ಸಹಿ ಹಾಕಿದರು.

ವೇಬ್ರಿಜ್ಜಿನ ಮಾಲೀಕರಿಗೆ ನೋಟೀಸು ಬಂತು. ಅವರು ಎಂಬತ್ತಣ್ಣನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು. ಅವರು ಮೆಲ್ಲಗೆ ಮಾತಾಡಿದರೆ ಎಲ್ಲರೂ ಹೆದರುತ್ತಿದ್ದರು. “ನಾಡಿದ್ದು ಇನ್‌ಸ್ಪೆಕ್ಟರ್ ಮೇಡಂ ಬರ್ತಾರೆ. ಮೆಷಿನ್ ತಪ್ಪು ಅಂದ್ರೆ ಬ್ರಿಜ್ಜಿಗೆ ಸೀಲು. ಬ್ರಿಜ್ ಇಲ್ದೇ ಹೋದ್ರೆ ನೀನು ಏನನ್ನ ತೂಗ್ತೀಯ? ಮೆಷಿನ್ ಸರಿ ಅಂದ್ರೆ, ರಿಜಿಸ್ಟರಲ್ಲಿ ತೊಂಬತ್ತು ಯಾಕಿದೆ ಅಂತ ನೀನು ಹೇಳ್ಬೇಕು. ಚೆನ್ನಾಗಿ ಯೋಚ್ನೆ ಮಾಡ್ಕೊಂಡು ಬಾ.”

ಎಂಬತ್ತಣ್ಣ ಎರಡು ದಿನ ಯೋಚನೆ ಮಾಡಿದ. ಯೋಚನೆಗೆ ಹಸಿವು ಜಾಸ್ತಿ ಎಂಬುದು ಅವನ ಅನುಭವ. ಅವನು ಪಂಕ್ಚರ್ ಅಂಗಡಿಯವನ ಕಾಲು ಹಿಡಿದು ಬೆಂಚಿನ ಕೆಳಗಿನ ಎರಡು ಕಲ್ಲು ಬಿಡಿಸಿಕೊಂಡ. ಬಾಗಿಲ ಒತ್ತೂ ಸೇರಿ ಮೂರಾಯಿತು. ನಾಲ್ಕನೆಯದನ್ನು ಮನೆಯಿಂದ ಹೊತ್ತು ತರಲು ಬೆನ್ನು ಒಪ್ಪಲಿಲ್ಲ.

ಮೇಡಂ ಬಂದದ್ದು ಹತ್ತು ಗಂಟೆಗೆ. ಸಣ್ಣ ಆಳು, ದೊಡ್ಡ ಕನ್ನಡಕ, ಕಂಕುಳಲ್ಲಿ ಫೈಲು. ಹಿಂದೆ ಒಂದು ವ್ಯಾನು ತುಂಬ ಇಲಾಖೆಯ ತೂಕದ ಕಲ್ಲುಗಳು. ಡ್ರೈವರುಗಳು ಲಾರಿ ನಿಲ್ಲಿಸಿ ಸುತ್ತ ನಿಂತಿದ್ದರು. ಹೆಡ್ ಕ್ಲರ್ಕ್ ಕೊಡೆ ಹಿಡಿದು ಬಂದಿದ್ದರು. ಡ್ರಿಲ್ ಮೇಷ್ಟ್ರು ಎಲ್ಲರಿಗಿಂತ ಹಿಂದೆ, ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು ನಿಂತಿದ್ದ. ಮೇಡಂ ಯಾರೊಡನೆಯೂ ಮಾತಾಡದೆ ತಮ್ಮ ಕಲ್ಲುಗಳನ್ನು ಬ್ರಿಜ್ಜಿನ ನಾಲ್ಕು ಮೂಲೆಗೂ ನಡುವಿಗೂ ಇಡಿಸಿದರು. ಒಂದು ಟನ್ನು ಇಟ್ಟರೆ ಒಂದು ಟನ್ನು. ಎರಡು ಇಟ್ಟರೆ ಎರಡು. ಎಲ್ಲ ತೆಗೆದರೆ ಸೊನ್ನೆ.

“ಮೆಷಿನ್ ಸರಿಯಿದೆ” ಅಂದರು.

ಮಾಲೀಕರು ಉಸಿರು ಬಿಟ್ಟರು. ಎಂಬತ್ತಣ್ಣ ಉಸಿರು ಬಿಡುವ ಹೊತ್ತಿಗೆ ಮೇಡಂ ರಿಜಿಸ್ಟರು ಬಿಡಿಸಿಯಾಗಿತ್ತು. ಹಾಳೆ ಮೇಲೆ ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟರು. ಇಪ್ಪತ್ತರ ನಾಲ್ಕು ಕಲ್ಲು ಸೇರಿ ತೊಂಬತ್ತು ಹೇಗಾಯಿತು ಎಂದು ಕೇಳಿದರು. ಕಲ್ಲುಗಳನ್ನು ತೋರಿಸಿ ಎಂದರು. ಎಂಬತ್ತಣ್ಣ ಮೂರನ್ನು ತೋರಿಸಿದ.

“ನಾಲ್ಕನೇದು?”

ಅವನು ಬಾಯಿ ತೆರೆಯುವಷ್ಟರಲ್ಲಿ ಜನ ಎರಡಾಗಿ ಸರಿದರು. ಹೆಂಡತಿ ನಡೆದು ಬರುತ್ತಿದ್ದಳು, ಸೊಂಟದ ಮೇಲೆ ನೀರಿನ ಕೊಡದ ಹಾಗೆ ಇಪ್ಪತ್ತು ಕೆಜಿಯ ಕಲ್ಲು, ಇನ್ನೊಂದು ಕೈಯಲ್ಲಿ ಅವನು ಮರೆತು ಬಂದಿದ್ದ ಊಟದ ಡಬ್ಬಿ. ಕಲ್ಲನ್ನು ಉಳಿದ ಮೂರರ ಪಕ್ಕ ಇಳಿಸಿ ಸೆರಗಿನಿಂದ ಅದರ ಮೇಲಿನ ದಾರದ ಚೂರುಗಳನ್ನು ಒರೆಸಿದಳು. ಇದು ನಮ್ಮನೇಲಿತ್ತು ಮೇಡಂ, ದಿನಾ ಎತ್ತಿ ಕೆಳಗೆ ಗುಡಿಸ್ತಿದ್ದೆ, ಸವೆದಿದ್ದರೆ ನಂದೇ ತಪ್ಪು ಎಂದಳು. ಡ್ರೈವರುಗಳಲ್ಲಿ ಯಾರೋ, ಮಾಂಸಖಂಡ ಆ ಮನೇಲಿದೆ, ಆದರೆ ಜಾಗ ಬೇರೆ ಎಂದು ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಮೇಡಂ ಕನ್ನಡಕ ತೆಗೆದು ಎಂಬತ್ತಣ್ಣನನ್ನು ನೋಡಿದರು. “ಕಲ್ಲು ನಿಮ್ಮ ಮನೇಲಿದ್ರೆ, ನೀವು ದಿನಾ ಇಲ್ಲಿ ಏನಿಟ್ಟು ಪರೀಕ್ಷೆ ಮಾಡ್ತಿದ್ರಿ?”

ಎಂಬತ್ತಣ್ಣ ಮಾಲೀಕರ ಮುಖ ನೋಡಿದ. ಅವರು ಆಕಾಶ ನೋಡುತ್ತಿದ್ದರು.

“ನನ್ನನ್ನ” ಅಂದ.

ಮೇಡಂ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅವರು ಒಳಗೆ ಟೊಳ್ಳು ಕೊರೆದ ಕಲ್ಲು ನೋಡಿದ್ದರು, ಸೀಸ ತುಂಬಿದ ಕಲ್ಲು ನೋಡಿದ್ದರು. ಊಟದ ಡಬ್ಬಿ ತರಿಸಿಕೊಳ್ಳುವ ಕಲ್ಲು ಇದೇ ಮೊದಲು. ಎಂಬತ್ತಣ್ಣ ಇದೇ ಸಮಯ ಎಂದು ತನ್ನ ಅಹವಾಲು ಶುರುಮಾಡಿದ. ಒಂಬತ್ತು ವರ್ಷ ತಾನು ಒಂದು ಕೆಜಿಯೂ ಆಚೀಚೆ ಆಗಿಲ್ಲವೆಂದೂ, ಈಗ ಬಂದ ಹತ್ತು ಕೆಜಿ ಶುದ್ಧ ಮಾಂಸಖಂಡವೆಂದೂ, ಬೇಕಾದರೆ ತನಗೆ ಅಭ್ಯಾಸ ಮಾಡಿಸಿದವರೇ ಇಲ್ಲಿದ್ದಾರೆಂದೂ ಹೇಳಿದ. ಎಲ್ಲರೂ ಹಿಂದೆ ತಿರುಗಿದರು. ಡ್ರಿಲ್ ಮೇಷ್ಟ್ರೂ ಹಿಂದೆ ತಿರುಗಿದ; ಅವನ ಹಿಂದೆ ಯಾರೂ ಇರಲಿಲ್ಲ.

“ಒಂದು ರಾತ್ರಿಗೆ ಹತ್ತು ಕೆಜಿ ಮಾಂಸಖಂಡ ಬರುತ್ತೇನ್ರಿ?” ಮೇಡಂ ಕೇಳಿದರು.

“ನಾನು ಹಾಗಂತ ಎಲ್ಲೂ ಬರೆಸಿಲ್ಲ ಮೇಡಂ.”

“ಎಷ್ಟು ಬರುತ್ತೆ ಹೇಳಿ.”

“ಸರಿಯಾಗಿ ಮಾಡಿದ್ರೆ ತಿಂಗಳಿಗೆ ಒಂದು ಕೆಜಿ. ಅದೂ ಸರಿಯಾಗಿ ಮಾಡಿದ್ರೆ.” ಅವನು ಎಂಬತ್ತಣ್ಣನ ಕಡೆ ನೋಡದೆ ಸೇರಿಸಿದ, “ಅಣ್ಣ ಮಾಡಿದ್ದು ಇಪ್ಪತ್ತೇಳು ಬಸ್ಕಿ. ಎಬ್ಬಿಸಿದ್ದು ನಾವು.”

ಮೇಡಂ ಎಂಬತ್ತಣ್ಣನನ್ನು ಬ್ರಿಜ್ಜಿನ ಮೇಲೆ ನಿಲ್ಲಲು ಹೇಳಿದರು. ನಿಂತ. ತೊಂಬತ್ತು. ಅವನ ಎದೆ ತಾನಾಗಿ ಮುಂದೆ ಬಂತು.

“ಜೇಬಲ್ಲಿರೋದನ್ನೆಲ್ಲ ತೆಗೀರಿ.”

ಪೆನ್ನು ತೆಗೆದು ಕೊಟ್ಟ. ತೊಂಬತ್ತು. ಕರ್ಚೀಫು, ಕನ್ನಡಕದ ಡಬ್ಬಿ. ತೊಂಬತ್ತು. ಚಪ್ಪಲಿ ಬಿಟ್ಟ. ತೊಂಬತ್ತೇ. ಡ್ರೈವರುಗಳು ಬೋರ್ಡನ್ನೇ ದಿಟ್ಟಿಸುತ್ತಿದ್ದರು. ಕೊನೆಗೆ ಸೊಂಟಕ್ಕೆ ಸಿಕ್ಕಿಸಿದ್ದ ಕೀ ಗೊಂಚಲು ಬಿಚ್ಚಿದ. ಗೇಟಿನದು, ಕೋಣೆಯದು, ಮನೆಯದು, ಯಾವುದರದೆಂದು ಯಾರಿಗೂ ನೆನಪಿಲ್ಲದ ಹನ್ನೆರಡು ಹಳೆಯ ಕೀಗಳು. ಹೆಂಡತಿ ಕೈಚಾಚಿ ತೆಗೆದುಕೊಂಡಳು. ಬೋರ್ಡು ಒಮ್ಮೆ ಕಣ್ಣು ಮಿಟುಕಿಸಿತು.

ಎಂಬತ್ತು.

ಹೆಂಡತಿ ಕೀ ಗೊಂಚಲು ವಾಪಸು ಕೊಟ್ಟಳು. ತೊಂಬತ್ತು. ತೆಗೆದುಕೊಂಡಳು. ಎಂಬತ್ತು. ಅವಳು ಮೂರನೆಯ ಸಲ ಕೊಡಲು ಹೋದಾಗ ಗುಜರಿ ಲಾರಿಯ ಡ್ರೈವರು ನೆಲದ ಮೇಲೆ ಕೂತುಬಿಟ್ಟ. ನಕ್ಕು ನಕ್ಕು ಅವನ ಪಕ್ಕೆ ಹಿಡಿದುಕೊಂಡಿತ್ತು. ಹೆಡ್ ಕ್ಲರ್ಕ್ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಮಾಲೀಕರ ಹೊಟ್ಟೆ ಅಲುಗಾಡುತ್ತಿತ್ತು. ಗಾಂಭೀರ್ಯ ಮುಖದಲ್ಲಿ ಮಾತ್ರ ಉಳಿದಿತ್ತು.

ಮೇಡಂ ನಗಲಿಲ್ಲ. ನೀವು ಈಗ ಸರಿಯಾಗಿ ಎಂಬತ್ತೈದರ ಗೆರೆ ಮೇಲೆ ನಿಂತಿದ್ದೀರಿ, ಒಂಬತ್ತು ವರ್ಷ ನಿಧಾನವಾಗಿ ನಡೆದು ಇಲ್ಲಿಗೆ ಬಂದಿದ್ದೀರಿ, ಮೆಷಿನ್ನಿಗೆ ಗೊತ್ತಾದದ್ದು ಆ ಸೋಮವಾರ ಎಂದು ವಿವರಿಸಿದರು. ಎಂಬತ್ತಣ್ಣನಿಗೆ ಎಲ್ಲ ಅರ್ಥವಾಯಿತು. ಇದು ಹತ್ತರ ಮೆಷಿನ್ನು ಎಂಬ ಆ ಮಾತನ್ನು ಅವನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದವನು. ಕೇಳಿದ್ದು ಇದೇ ಮೊದಲು. ಬ್ರಿಜ್ಜಿನಿಂದ ಇಳಿದು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ನಿಂತ. ಇನ್ನು ಉಳಿದದ್ದು ಒಂದೇ ಪ್ರಶ್ನೆ, ನಾಳೆ ಬೆಳಗ್ಗೆ ಈ ಕೋಣೆಯ ಬಾಗಿಲು ತೆಗೆಯುವುದು ತಾನೋ ಬೇರೆಯವನೋ.

ಮೇಡಂ ಫೈಲಿನಿಂದ ಒಂದು ಫಾರಂ ತೆಗೆದು ಮೇಜಿನ ಮುಂದೆ ಕೂತರು. ದೋಷವಿರುವ ತೂಕದ ಕಲ್ಲುಗಳ ಬಗ್ಗೆ ತುಂಬಬೇಕಾದ ಫಾರಂ ಅದು. ಬೇರೆ ಫಾರಂ ಇಲಾಖೆಯಲ್ಲಿ ಇರಲಿಲ್ಲ. ಎಷ್ಟು ಕಲ್ಲು ಎಂಬಲ್ಲಿ, ಒಂದು ಎಂದು ಬರೆದರು. ನಮೂದಾದ ತೂಕ, ಎಂಬತ್ತು. ಈಗಿನ ತೂಕ, ಎಂಬತ್ತೈದು. ಯಾವುದರಿಂದ ಮಾಡಿದ್ದು ಎಂಬ ಕಾಲಂನಲ್ಲಿ ‘ಕಬ್ಬಿಣ / ಹಿತ್ತಾಳೆ’ ಎಂದು ಅಚ್ಚಾಗಿತ್ತು. ಎರಡನ್ನೂ ಹೊಡೆದುಹಾಕಿ ಒಂದು ಕ್ಷಣ ಯೋಚಿಸಿ ‘ಮಾಂಸ’ ಎಂದು ಬರೆದರು.

ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಎಂಬತ್ತಣ್ಣ ಒಂದು ಹೆಜ್ಜೆ ಮುಂದೆ ಬಂದ. ಮಾಲೀಕರು ಕಣ್ಣಲ್ಲೇ ಬೇಡ ಬೇಡ ಎಂದರು. ಹೆಂಡತಿ ಅಂಗಿಯ ತುದಿ ಹಿಡಿದು ಎಳೆದಳು.

“ಮೇಡಂ, ಮಾಂಸಖಂಡ ಅಂತ ಬರೀರಿ.”

ಮೇಡಂ ಪೆನ್ನು ಎತ್ತಿಹಿಡಿದು ಅವನ ಮುಖ ನೋಡಿದರು. ಆಮೇಲೆ ಡ್ರಿಲ್ ಮೇಷ್ಟ್ರನ್ನು ಕಿಟಕಿಯ ಹತ್ತಿರ ಕರೆದು, ಇವರಲ್ಲಿ ಅದು ಇದೆಯೋ ಎಂದು ಕೇಳಿದರು. ಮನುಷ್ಯ ಎಂದ ಮೇಲೆ ಎಲ್ಲರಲ್ಲೂ ಇರುತ್ತದೆ, ಕೂತವರಲ್ಲೂ ಮೂರನೇ ಒಂದು ಪಾಲಾದರೂ ಇದ್ದೇ ಇರುತ್ತದೆ, ಅದಿಲ್ಲದಿದ್ದರೆ ಅಣ್ಣ ಈಗ ನಿಂತಿರುತ್ತಲೇ ಇರಲಿಲ್ಲ ಎಂದು ಅವನು ಹೇಳಿದ. ಆ ದಿನ ಅವನು ಹೇಳಿದ ಒಳ್ಳೆಯ ಮಾತು ಅದೊಂದೇ. ಮೇಡಂ ‘ಮಾಂಸ’ವನ್ನು ಹೊಡೆದುಹಾಕಿ, ಪಕ್ಕದಲ್ಲಿ ನಿಧಾನವಾಗಿ ‘ಮಾಂಸಖಂಡ, ಇತ್ಯಾದಿ’ ಎಂದು ಬರೆದರು. ಕೊನೆಯ ಕಾಲಂ ತುಂಬಿ, ಸಹಿ ಹಾಕಿ, ಠಸ್ಸೆ ಒತ್ತಿ ಅವನ ಕಡೆ ತಿರುಗಿಸಿದರು.

ಹೆಂಡತಿ ಅವನ ಹೆಗಲ ಮೇಲಿಂದ ಬಗ್ಗಿ ಕೊನೆಯ ಕಾಲಂ ಗಟ್ಟಿಯಾಗಿ ಓದಿದಳು: ‘ತೂಕದ ಕಲ್ಲಾಗಿ ಬಳಸಲು ಯೋಗ್ಯವಲ್ಲ. ಎಚ್ಚರಿಕೆ ಕೊಟ್ಟು ನೌಕರನಾಗಿ ಮುಂದುವರಿಸಬಹುದು.’ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡಳು. ಮಾಲೀಕರು ಕುರ್ಚಿಯಲ್ಲಿ ಕುಸಿದು ಕೂತರು. ಹೊರಗೆ ಡ್ರೈವರುಗಳು ಒಬ್ಬೊಬ್ಬರಾಗಿ ಲಾರಿ ಸ್ಟಾರ್ಟ್ ಮಾಡಿದರು.

ಎಂಬತ್ತಣ್ಣ ಮಾತ್ರ ಇನ್ನೂ ಮೇಲಿನ ಕಾಲಂನಲ್ಲೇ ಇದ್ದ.

“ಮಾಂಸಖಂಡ ಸರಿ ಮೇಡಂ. ಈ ಇತ್ಯಾದಿ ಅಂದ್ರೆ ಏನು?”

ಮೇಡಂ ಫೈಲು ಮುಚ್ಚಿ ಎದ್ದರು. ನೆಲದ ಮೇಲಿದ್ದ ನಾಲ್ಕು ಕಲ್ಲುಗಳನ್ನು ನೋಡಿದರು, ಆಮೇಲೆ ಅವನ ಸೊಂಟದ ಸುತ್ತಳತೆಯನ್ನು ನೋಡಿದರು.

“ನಾಳೆಯಿಂದ ದಿನಾ ಇವನ್ನ ಹೊತ್ರೆ ಕಡಿಮೆ ಆಗುತ್ತಲ್ಲ, ಅದು.”